ಹಳೇ ಲಾರಿ ಹೊಳೀತಿದೆ ಸರಿ, ಮರಳು ಹೊಡೆದ ಹುಡುಗನ ಕಥೆ ಏನು?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣೀಲಿ ಹಳೇ ಟಾಟಾ ಮರ್ಸಿಡಿಸ್ ಲಾರೀನ ರಿಸ್ಟೋರ್ ಮಾಡಿದ ಲೇಖನ ಬಂದಿತ್ತಲ್ಲ, ಓದಿ ಖುಷಿ ಆಯ್ತು. ನಮ್ಮದು ಲಾರಿ ಲೈನ್‌ನಲ್ಲೇ ಇರೋ ಮನೆತನ, ಟೆಲ್ಕೋದವರು (ಈಗಿನ ಟಾಟಾ ಮೋಟಾರ್ಸ್) 1954ರಲ್ಲಿ ಜರ್ಮನಿ ಡೈಮ್ಲರ್ ಬೆಂಜ್ ಜೊತೆ ಸೇರಿ ಮಾಡಿದ ಗಾಡಿಗಳು, ಮೂತಿ ಮೇಲೆ ಮೂರು ಮೂಲೆ ಸ್ಟಾರ್ ಇತ್ತಲ್ಲ ಅವು, ಆ ಸ್ಟಾರ್ 1969ರಲ್ಲಿ ಹೋಗಿ ಟಾಟಾ ಬ್ಯಾಡ್ಜ್ ಬಂದ್ಮೇಲೂ ನಮ್ಮೂರಲ್ಲಿ ಅದನ್ನ ಬೆಂಜ್ ಲಾರಿ ಅಂತಾನೇ ಕರೀತಿದ್ದಿದ್ದು. ಅಂಥ ಗಾಡಿ ಗುಜರಿಗೆ ಹೋಗದೆ ಉಳೀತು ಅಂದ್ರೆ ಸಂತೋಷಾನೇ. ಆದ್ರೆ ಒಳಗಡೆ ಒಂದು ಸಣ್ಣ ಫೋಟೋ ಹಾಕಿದ್ರಿ ನೋಡಿ, 'ಚಾಸಿಯ ತುಕ್ಕು ತೆಗೆಯುತ್ತಿರುವ ಕಾರ್ಮಿಕ' ಅಂತ (ಚಾಸಿ ಅಂದ್ರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು), ಮುಖಕ್ಕೆ ಒಂದು ಟವೆಲ್ ಸುತ್ಕೊಂಡು ಸುತ್ತ ಬಿಳಿ ಧೂಳಲ್ಲಿ ನಿಂತಿರೋ ಹುಡುಗ, ಪಕ್ಕದಲ್ಲಿ ಮರಳಿನ ಗುಡ್ಡೆ. ಅದಕ್ಕೋಸ್ಕರ ಈ ಪತ್ರ.

ಗಾಳಿ ಒತ್ತಡದಲ್ಲಿ ಕಾಳು ಹೊಡೆದು ತುಕ್ಕು ತೆಗೆಯೋ ಕೆಲಸಕ್ಕೆ ಸ್ಯಾಂಡ್ ಬ್ಲಾಸ್ಟಿಂಗ್ ಅಂತ ಹೆಸರಿದ್ದ ಮಾತ್ರಕ್ಕೆ ಮರಳೇ ಹೊಡೀಬೇಕು ಅಂತ ಏನಿಲ್ಲ. ಹೊಳೆ ಮರಳಲ್ಲಿ ಹೆಚ್ಚು ಪಾಲು ಕ್ವಾರ್ಟ್ಜ್, ಅಂದ್ರೆ ಸಿಲಿಕಾ ಖನಿಜ, ಇರತ್ತೆ, ಈಗ ಎಲ್ಲರೂ ತರಿಸೋ ಎಂ ಸ್ಯಾಂಡೂ ಗ್ರಾನೈಟ್ ಕುಟ್ಟಿ ಮಾಡಿದ್ದೇ, ಅದ್ರಲ್ಲೂ ಕ್ವಾರ್ಟ್ಜ್ ಇದ್ದೇ ಇರತ್ತೆ. ಅದನ್ನ 100 ಪಿಎಸ್‌ಐ ಪ್ರೆಶರ್‌ನಲ್ಲಿ ಕಬ್ಬಿಣಕ್ಕೆ ಹೊಡೆದ್ರೆ ಕಾಳು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಆಗತ್ತೆ, ಈ ಪುಡಿ ಮೂಗು ಗಂಟಲಲ್ಲಿ ನಿಲ್ಲಲ್ಲ, ಸೀದಾ ಶ್ವಾಸಕೋಶದ ತಳಕ್ಕೆ ಹೋಗಿ ಅಲ್ಲೇ ಗಾಯ ಮಾಡತ್ತೆ. ಅದೇ ಸಿಲಿಕೋಸಿಸ್. ಬಂದ್ಮೇಲೆ ವಾಸಿ ಮಾಡೋ ಔಷಧಿ ಇಲ್ಲ, ಜೊತೆಗೆ ಟಿಬಿ ಬೇಗ ಹಿಡ್ಕೊಳತ್ತೆ. ಕಲ್ಲು ಕ್ವಾರಿ ಕೆಲಸದವರಿಗೆ ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಆದ್ಮೇಲೆ ಕಾಣಿಸೋ ಕಾಯಿಲೆ ಬ್ಲಾಸ್ಟಿಂಗ್ ಹುಡುಗರಿಗೆ ಒಂದೆರಡು ವರ್ಷದಲ್ಲೇ ಬಂದಿರೋದೂ ಉಂಟು, ಯಾಕಂದ್ರೆ ಧೂಳು ಅಷ್ಟು ಜಾಸ್ತಿ. ಟವೆಲ್ಲು, ಕರ್ಚೀಫು, ಕೊರೊನಾ ಮಾಸ್ಕು ಇವ್ಯಾವೂ ಇದನ್ನ ತಡೆಯಲ್ಲ. ಟರ್ಕಿ ದೇಶದಲ್ಲಿ ಜೀನ್ಸ್ ಪ್ಯಾಂಟ್ ಹಳೇದರ ಥರ ಕಾಣ್ಲಿ ಅಂತ ಮರಳು ಹೊಡೀತಿದ್ದ ಹುಡುಗರು ಸಾಯೋಕೆ ಶುರುವಾಗಿ 2009ರಲ್ಲಿ ಆ ಕೆಲಸಾನೇ ಬ್ಯಾನ್ ಮಾಡಿದ್ರು, ಬ್ರಿಟನ್‌ನವರು ಎರಕದ ಸಾಮಾನಿಗೆ ಮರಳು ಹೊಡೆಯೋದನ್ನ 1949ರಲ್ಲೇ ರೂಲ್ ಮಾಡಿ ನಿಲ್ಲಿಸಿದ್ರು. ನಾವಿನ್ನೂ ಲೋಡ್‌ಗಟ್ಲೆ ಮರಳು ಇಳಿಸ್ಕೊಂತಾ ಇದೀವಿ.

ಹಾಗಂತ ಬ್ಲಾಸ್ಟಿಂಗೇ ಬೇಡ ಅಂತ ನಾನು ಹೇಳ್ತಿಲ್ಲ, ಹಳೇ ಚಾಸಿಗೆ ಅದೇ ಸರಿಯಾದ ಕೆಲಸ. ವೈರ್ ಬ್ರಷ್, ಗ್ರೈಂಡರ್ ಹಿಡ್ಕೊಂಡು ರಿವೆಟ್ ತಲೆ ಸುತ್ತ, ಕಮಾನು ಪಟ್ಟೆ ಬ್ರಾಕೆಟ್ ಹಿಂದೆ ಎಲ್ಲ ಉಜ್ಜೋಕೆ ಆಗಲ್ಲ, ಮೇಲೆ ಪಾಲಿಶ್ ಆಗತ್ತೆ, ಗುಣಿಯೊಳಗೆ ತುಕ್ಕು ಹಾಗೇ ಕೂತಿರತ್ತೆ. ಆದ್ರೆ ಮರಳಿನ ಬದಲು ಗಾರ್ನೆಟ್ ಅನ್ನೋ ಗಟ್ಟಿ ಖನಿಜದ ಕಾಳು ಇದೆ, ಸ್ಟೀಲ್ ಗ್ರಿಟ್ ಅಂದ್ರೆ ಉಕ್ಕಿನ ಕಾಳು ಇದೆ. ಗಾರ್ನೆಟ್ ಏನು ಫಾರಿನ್ ಮಾಲಲ್ಲ, ತಮಿಳುನಾಡಿನ ಸಮುದ್ರ ತೀರದ ಮರಳಲ್ಲೇ ಸಿಗತ್ತೆ. ಚೀಲದ ರೇಟ್ ಕೇಳಿದ್ರೆ ಮರಳಿಗಿಂತ ಎಷ್ಟೋ ಜಾಸ್ತಿ, ಒಪ್ಕೋತೀನಿ, ಆದ್ರೆ ಜರಡಿ ಹಿಡಿದು ಮೂರ್ನಾಲ್ಕು ಸಲ ವಾಪಸ್ ಬಳಸಬಹುದು, ಕೆಲಸಾನೂ ಬೇಗ ಮುಗಿಯತ್ತೆ. ಇಷ್ಟಾದ್ರೂ ಗಾಳಿ ಪೈಪ್ ಇರೋ ಹೆಲ್ಮೆಟ್ ಬೇಕೇ ಬೇಕು, ಯಾಕಂದ್ರೆ ಹೊಡೆಯೋ ಕಾಳು ಬದಲಾದ್ರೂ ಚಾಸಿ ಮೇಲಿರೋ ಹಳೇ ಬಣ್ಣ ಬದಲಾಗಲ್ಲವಲ್ಲ. ಆ ಕಾಲದ ಪ್ರೈಮರ್‌ಗಳಲ್ಲಿ ಸೀಸ ಇರ್ತಿತ್ತು, ಹೊಡೆದಾಗ ಅದೂ ಧೂಳಾಗಿ ಏಳತ್ತೆ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ದಾಟಬಾರದು ಅಂತ 2016ರಲ್ಲಿ ಬಂದ ರೂಲ್ ಕೂಡ ಮನೆಗೆ ಹೊಡೆಯೋ ಬಣ್ಣಕ್ಕೆ ಮಾತ್ರ, ಗಾಡಿ ಬಣ್ಣಕ್ಕಲ್ಲ.

ಲೇಖನದಲ್ಲಿ 'ಬ್ಲಾಸ್ಟಿಂಗ್ ಮುಗಿಸಿ ಒಂದು ವಾರ ಬಿಟ್ಟು ರೆಡ್ ಆಕ್ಸೈಡ್ ಹೊಡೆದೆವು' ಅಂತ ಬರೆದಿದ್ರಲ್ಲ, ಅದನ್ನ ನೋಡ್ಕೊಂಡು ಯಾರೂ ಹಾಗೆ ಮಾಡಬೇಡಿ ಸ್ವಾಮಿ. ಬ್ಲಾಸ್ಟ್ ಆದ ಕಬ್ಬಿಣ ಮೈಮೇಲೆ ಏನೂ ಇಲ್ಲದೆ ಬೆತ್ತಲೆ ನಿಂತಿರತ್ತೆ, ಮಂಗಳೂರು ಕಾರವಾರದ ಕಡೆ ಹವಾಗೆ ಕೆಲವೇ ಗಂಟೇಲಿ ಕೆಂಪು ತಿರುಗತ್ತೆ, ನಮ್ಮ ಬಯಲುಸೀಮೇಲಿ ಸ್ವಲ್ಪ ತಡೀಬಹುದು ಅಷ್ಟೆ. ಅದೇ ದಿನ ಎಪಾಕ್ಸಿ ಪ್ರೈಮರ್, ಸಾಧ್ಯ ಆದ್ರೆ ಜಿಂಕ್ ಇರೋದು, ಬಿದ್ದುಬಿಡಬೇಕು. ಹವೆಯಲ್ಲಿ ತೇವ 85 ಪರ್ಸೆಂಟ್ ದಾಟಿದ್ರೆ ಆ ದಿನ ಬಣ್ಣದ ಗನ್ ಮುಟ್ಟಬಾರದು, ಇಬ್ಬನಿ ಕೂರೋ ಟೆಂಪರೇಚರ್‌ಗಿಂತ ಕಬ್ಬಿಣ 3 ಡಿಗ್ರಿ ಆದ್ರೂ ಬೆಚ್ಚಗಿರಬೇಕು, ಮಳೆಗಾಲದಲ್ಲಿ ಈ ಕೆಲಸ ಹಚ್ಕೊಂಡವರಿಗೆ ಇದು ಅನುಭವಕ್ಕೆ ಬಂದಿರತ್ತೆ. ಎರಡು ಪಟ್ಟೆ ಒಂದರ ಮೇಲೊಂದು ರಿವೆಟ್ ಆಗಿರೋ ಕಡೆ ನಡುವೆ ಇರೋ ತುಕ್ಕಿಗೆ ಯಾವ ಬ್ಲಾಸ್ಟಿಂಗೂ ಮುಟ್ಟಲ್ಲ, ಒಳಗೇ ಊದಿ ಪಟ್ಟೇನೇ ಬಗ್ಗಿಸತ್ತೆ, ಅಲ್ಲಿ ರಿವೆಟ್ ತೆಗೆದು ಬಿಚ್ಚೋದೇ ದಾರಿ. ಮೇಲಿನ ಕೋಟ್‌ಗೆ ಹಾರ್ಡನರ್ ಬೆರೆಸೋ ಪಿಯು (ಪಾಲಿಯುರೆಥೇನ್) ಪೇಂಟ್ ಹಾಕೋದಾದ್ರೆ ಅದರಲ್ಲಿರೋ ಐಸೋಸಯನೇಟ್ ಅನ್ನೋ ಕೆಮಿಕಲ್‌ಗೂ ಗಾಳಿ ಸಪ್ಲೈ ಇರೋ ಮಾಸ್ಕೇ ಬೇಕು, ಒಂದ್ಸಲ ಅದಕ್ಕೆ ಉಬ್ಬಸ ಹಿಡೀತು ಅಂದ್ರೆ ಪೇಂಟರ್ ಜನ್ಮದಲ್ಲಿ ಮತ್ತೆ ಆ ಕೆಲಸ ಮಾಡೋಹಾಗಿಲ್ಲ.

ಇನ್ನೊಂದು, ಓನರ್‌ಗಳಿಗೆ ಇದಾದ್ರೂ ತಟ್ಟತ್ತೆ ಅನ್ಕೊಂಡು ಹೇಳ್ತೀನಿ. ಚಾಸಿ ನಂಬರ್ ಪಂಚ್ ಆಗಿರೋ ಜಾಗಕ್ಕೆ ದಪ್ಪ ರಬ್ಬರ್ ಅಂಟಿಸಿ ಮುಚ್ಚದೇ ಬ್ಲಾಸ್ಟ್ ಮಾಡಿದ್ರೆ ಅಕ್ಷರ ಸವೆದುಹೋಗತ್ತೆ, ಆಮೇಲೆ ಆರ್‌ಟಿಓದಲ್ಲಿ ನೀವೇ ಅಳಿಸಿದ್ದು ಅಂದ್ರೆ ಏನು ಉತ್ತರ ಕೊಡ್ತೀರಾ? ಐವತ್ತು ವರ್ಷ ದಾಟಿದ ಸ್ವಂತ ಬಳಕೆಯ ಬೈಕು ಕಾರುಗಳಿಗೆ 2021ರಲ್ಲಿ ಕೇಂದ್ರದವರು ವಿಎ ಸೀರೀಸ್ ಅಂತ ಬೇರೆ ನಂಬರ್ ಪ್ಲೇಟ್ ತಂದ್ರು, ಅದರಲ್ಲೂ ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು ಅನ್ನೋದು ಕಂಡೀಶನ್. ಚಾಸಿ ನಂಬರ್ ಉಳಿಸೋಕೆ ರಬ್ಬರ್ ಶೀಟ್ ತರೋರು ಹುಡುಗನಿಗೆ ಒಂದು ಹೆಲ್ಮೆಟ್ ತರಕ್ಕಾಗಲ್ವಾ, ಇದು ನನ್ನ ಪ್ರಶ್ನೆ. ಲಕ್ಷಗಟ್ಲೆ ಸುರೀತಾರೆ, ಹಾರ್ನ್ ಒರಿಜಿನಲ್ಲೇ ಬೇಕು ಅಂತ ದೇಶ ಸುತ್ತುತಾರೆ.

ಸಿಲಿಕೋಸಿಸ್ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಶೆಡ್ಯೂಲ್‌ನಲ್ಲೇ ಇತ್ತು, ಕಾರ್ಖಾನೆ ಕೆಲಸಗಾರನಲ್ಲಿ ಕಂಡ ಡಾಕ್ಟರು ಸರ್ಕಾರಕ್ಕೆ ತಿಳಿಸಬೇಕು ಅಂತ. ಆದ್ರೆ ಹೈವೇ ಪಕ್ಕ ತಗಡು ಹೊದಿಸ್ಕೊಂಡು ನಾಲ್ಕೈದು ಜನ ಕೆಲಸ ಮಾಡೋ ಶೆಡ್ಡು ಕಾರ್ಖಾನೆ ಲೆಕ್ಕಕ್ಕೇ ಬರಲ್ಲ, ಅಲ್ಲಿಗೆ ಇನ್‌ಸ್ಪೆಕ್ಟರ್ ಬರಲ್ಲ, ಆ ಹುಡುಗ ಕೆಮ್ಮು ಅಂತ ಹೋದ್ರೆ ಟಿಬಿ ಮಾತ್ರೆ ಕೊಟ್ಟು ಕಳಿಸ್ತಾರೆ, ಏನು ಕೆಲಸ ಮಾಡ್ತೀಯಪ್ಪ ಅಂತ ಯಾರೂ ಕೇಳಲ್ಲ. ಕಾರ್ಮಿಕ ಇಲಾಖೆಯವರು ಮೊದಲು ಈ ಶೆಡ್‌ಗಳ ಲಿಸ್ಟ್ ಮಾಡಿ ಎದೆ ಎಕ್ಸ್‌ರೇ ಕ್ಯಾಂಪ್ ಹಾಕಲಿ, ಬ್ಲಾಸ್ಟಿಂಗ್‌ಗೆ ಮರಳು ಬಳಸೋದನ್ನ ಜನ ಎಷ್ಟೇ ಇರ್ಲಿ ಎಲ್ಲಾ ಶೆಡ್‌ನಲ್ಲೂ ನಿಲ್ಲಿಸಲಿ. ನೀವೂ ಅಷ್ಟೆ, ಮುಂದಿನ ಸಲ ಇಂಥ ಗಾಡಿ ಬಗ್ಗೆ ಬರೆಯೋಕೆ ರಿಪೋರ್ಟರ್ ಹೋದಾಗ ಓನರ್ ಜೊತೆ ಫೋಟೋ ತೆಗೆದು ಬರೋದಲ್ಲ, ಏನು ಹೊಡೆದ್ರಿ, ಹೊಡೆದವನು ಏನು ಹಾಕ್ಕೊಂಡಿದ್ದ ಅಂತ ಕೇಳಿ ಅದನ್ನೂ ಪ್ರಿಂಟ್ ಮಾಡಿ.

ಇಂತಿ,
ಹಳೇ ಲಾರಿ ಓನರ್ ಒಬ್ಬ, ತುಮಕೂರು