ಶಸ್ತ್ರಚಿಕಿತ್ಸೆಯ ನಂತರದ ನೋವು: ವಾರ್ಡಿನ ಶುಶ್ರೂಷಕರ ಗಮನಕ್ಕೆ

ಗದುಗಿನ ನಮ್ಮ ಸರ್ಜಿಕಲ್ ವಾರ್ಡಿನ ಗುಂಪಿನ ಎಲ್ಲ ಸದಸ್ಯರಿಗೆ ತಿಳಿಸುವುದೇನೆಂದರೆ, ಹರ್ನಿಯಾ ಆಪರೇಷನ್ ಆದ ಅಜ್ಜನೊಬ್ಬರು ಕೇಳಿದಾಗಲೆಲ್ಲ ‘ಏನಿಲ್ರಿ ಯವ್ವಾ, ತಡಕೊಂತೇನಿ’ ಎನ್ನುತ್ತಲೇ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದು, ಬಂದ ಕೆಮ್ಮನ್ನು ನುಂಗಿಕೊಳ್ಳುತ್ತಿದ್ದರು. ಆದ್ದರಿಂದ 0ಯಿಂದ (ನೋವೇ ಇಲ್ಲ) 10ರವರೆಗಿನ (ತಡೆಯಲಾರದ ನೋವು) ನೋವಿನ ಅಂಕವನ್ನು ಮಲಗಿದ್ದಾಗ ಮಾತ್ರವಲ್ಲ, ಹೊಟ್ಟೆಗೆ ದಿಂಬು ಒತ್ತಿ ಹಿಡಿಸಿ ಕೆಮ್ಮಿಸಿದಾಗಲೂ ಕೇಳಿ ಬರೆಯಬೇಕು. ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದವರ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದಾದ್ದರಿಂದ ಇದು ಬರೀ ಚಾರ್ಟು ತುಂಬುವ ಕೆಲಸವಲ್ಲ. ರಕ್ತನಾಳಕ್ಕೆ ನೋವಿನ ಇಂಜೆಕ್ಷನ್ ಕೊಟ್ಟ ಸುಮಾರು 30 ನಿಮಿಷಕ್ಕೆ, ಗುಳಿಗೆಯಾದರೆ ಒಂದು ತಾಸಿಗೆ ಅಂಕವನ್ನು ಮತ್ತೆ ಕೇಳಿರಿ. ಉಸಿರಾಟವನ್ನು ನಿಧಾನಗೊಳಿಸಬಲ್ಲ ಬಲವಾದ ನೋವಿನ ಔಷಧಿಗಳಾದ ಟ್ರಮಡಾಲ್ ಅಥವಾ ಮಾರ್ಫಿನ್ ಪಡೆದವರಲ್ಲಿ ಮಂಪರನ್ನೂ ಉಸಿರಿನ ಎಣಿಕೆಯನ್ನೂ ನೋಡಿರಿ. ಪ್ಯಾರಾಸಿಟಮಾಲ್ ವಯಸ್ಕರಿಗೆ 24 ತಾಸಿನಲ್ಲಿ 4 ಗ್ರಾಂ ಮೀರದಂತೆ, ಸಲೈನಿನಂತೆ ರಕ್ತನಾಳಕ್ಕೆ ಕೊಟ್ಟದ್ದನ್ನೂ ಗುಳಿಗೆಯನ್ನೂ ಕೂಡಿಸಿಯೇ ಲೆಕ್ಕ ಹಿಡಿಯಬೇಕು.