ನಮಗೆ ನಾವೇ ‘ಹೋಗ್ಲಿ ಬಿಡು’ ಅನ್ನೋದು

ಮಾನ್ಯ ಸಂಪಾದಕರೇ,

ಖಿನ್ನತೆ ಬಗ್ಗೆ ಪೇಪರಿನಲ್ಲಿ ಏನೇ ಬಂದರೂ ಬಿಡದೆ ಓದುತ್ತೇನೆ. ಹೆಚ್ಚಿನವು ಒಂದೇ ಥರ. ಬೇಗ ಏಳಿ, ವಾಕಿಂಗ್ ಹೋಗಿ, ಸೊಪ್ಪು ತರಕಾರಿ ತಿನ್ನಿ, ಕೊನೆಗೆ ‘ನಿಮ್ಮನ್ನು ನೀವು ಕ್ಷಮಿಸಿ’. ಸೊಪ್ಪಿನ ಕಟ್ಟು ತಂದುಕೊಂಡಷ್ಟು ಸುಲಭವಾಗಿ ಕ್ಷಮೆಯನ್ನೂ ತಂದುಕೊಳ್ಳಬಹುದು ಅನ್ನೋ ಹಾಗೆ. ಅದನ್ನು ಹೇಗೆ ಮಾಡೋದು ಅಂತ ಮಾತ್ರ ಯಾರೂ ಬರೆಯುವುದಿಲ್ಲ.

ನಮ್ಮ ಮನೆಗಳಲ್ಲಿ ‘ನಿನ್ನನ್ನು ಕ್ಷಮಿಸಿದ್ದೇನೆ’ ಅಂತ ಯಾರಾದರೂ ಹೇಳಿದ್ದು ನಾನು ಕೇಳಿಲ್ಲ, ನಾಟಕದಲ್ಲಿ ಬಿಟ್ಟರೆ. ನಾವು ಅನ್ನೋದು ‘ಹೋಗ್ಲಿ ಬಿಡು’. ಮಗು ಲೋಟ ಒಡೆದರೂ ಅದೇ, ಕೂಲಿಯವನು ಬರ್ತೀನಿ ಅಂತ ಹೇಳಿ ಕೈ ಕೊಟ್ಟರೂ ಅದೇ, ತಮ್ಮ ತೆಗೆದುಕೊಂಡ ದುಡ್ಡು ವಾಪಸ್ ಕೊಡದಿದ್ದರೂ ಒಂದು ವಾರ ಮುಖ ಊದಿಸಿಕೊಂಡು ಆಮೇಲೆ ಅದೇ. ಎಲ್ಲರಿಗೂ ಹೇಳಿದ್ದೇನೆ. ನನಗೆ ನಾನು ಹೇಳಿಕೊಳ್ಳೋಕೆ ಮೂರು ವರ್ಷ ಹಿಡಿಯಿತು, ಅದೂ ಪೂರ್ತಿ ಅಲ್ಲ.

ನನ್ನ ವಿಷಯ ಹೇಳುತ್ತೇನೆ. ನಾನು ತುಮಕೂರು ಜಿಲ್ಲೆಯ ಕಡೆಯವನು, ವಾಸ ತೋಟದ ಮನೆಯಲ್ಲಿ. ಹೆಂಡತಿಯ ಓಲೆ ಅಡ ಇಟ್ಟು ಅರ್ಧ ಎಕರೆಗೆ 270 ಅಡಿಕೆ ಸಸಿ ಹಾಕಿದ್ದೆ. ಮೊದಲ ಬೇಸಿಗೆ ದಾಟಿಸಿದರೆ ಗೆದ್ದ ಹಾಗೆ ಅಂತ ಅಡಿಕೆಯವರಿಗೆಲ್ಲ ಗೊತ್ತು. ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುವುದು ಪಾಳಿ ಮೇಲೆ, ಒಂದಷ್ಟು ದಿನ ಹಗಲು, ಒಂದಷ್ಟು ದಿನ ರಾತ್ರಿ. ಕರೆಂಟ್ ಬಂದಿದ್ದು ತಿಳಿಯಲಿ ಅಂತ ಮೋಟಾರ್ ಮನೆಯ ಹೊರಗೆ ಒಂದು ಬಲ್ಬು ಹಾಕಿದ್ದೇನೆ. ಮಲಗಿದ ಕಡೆಯಿಂದಲೇ ಕಿಟಕಿಯಲ್ಲಿ ಕಾಣುತ್ತದೆ.

ಆ ಮಾರ್ಚಿನಲ್ಲಿ ಬಲ್ಬು ಹೊತ್ತಿಕೊಳ್ಳೋದು ರಾತ್ರಿ ಒಂದು ಗಂಟೆಗೆ. ನನಗೆ ನಿದ್ದೆ ಇರಲಿಲ್ಲ, ನೋಡುತ್ತಲೇ ಇರುತ್ತಿದ್ದೆ. ಎದ್ದು ಐವತ್ತು ಹೆಜ್ಜೆ ಹೋಗಿ ಹಸಿರು ಬಟನ್ ಒತ್ತಬೇಕು, ಅಷ್ಟೇ ಕೆಲಸ. ಏಳಲಿಲ್ಲ. ಏಳಬೇಕು ಏಳಬೇಕು ಅಂದುಕೊಂಡೇ ನಾಲ್ಕು ಗಂಟೆ ಆಗಿಬಿಡುತ್ತಿತ್ತು. ಮೈ ಮೇಲೆ ಯಾರೋ ಒದ್ದೆ ಗೋಣಿಚೀಲ ಹೊದಿಸಿದ ಹಾಗೆ. ಅಳು ಬರಲಿಲ್ಲ, ಬೇಜಾರೂ ಅಂತ ಅಲ್ಲ, ಏನೂ ಇಲ್ಲ. ಆಟೋ ಸ್ಟಾರ್ಟರ್ ಇರಲಿಲ್ವಾ ಅಂತ ನೀವು ಕೇಳಬಹುದು. ಇತ್ತು. ಸುಟ್ಟುಹೋಗಿತ್ತು. ರಿಪೇರಿಗೆ ಒಯ್ಯೋಣ ಅಂತ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದ್ದೆ. ನಾಲ್ಕು ತಿಂಗಳು ಅಲ್ಲೇ ನೇತಾಡಿತು. ದಿನಾ ಕಣ್ಣಿಗೆ ಬೀಳುತ್ತಿತ್ತು, ದಿನಾ ಬೈದುಕೊಳ್ಳುತ್ತಿದ್ದೆ.

ಸಸಿಗಳ ಸುಳಿ ಒಣಗಿತು. ಹೆಂಡತಿ ಬಿಂದಿಗೆಯಲ್ಲಿ ಹೊತ್ತು ಹಾಕಿದ್ದಕ್ಕೆ ಎಂಬತ್ತು ಉಳಿದವು. ಊರವರು ಸೋಮಾರಿ ಅಂದರು. ನಾನೂ ಅದನ್ನೇ ಅಂದುಕೊಂಡೆ. ಅಮ್ಮ ದೇವರ ಹತ್ತಿರ ಕೇಳಿಸಿದರು, ದಾರ ಕಟ್ಟಿಸಿದರು, ಅದೆಲ್ಲ ಇದ್ದದ್ದೇ. ಆದರೆ ಊರವರ ಮಾತು ಸಂಜೆಗೆ ಮುಗಿಯುತ್ತದೆ. ತಲೆಯೊಳಗೆ ಕೂರುವ ಪಂಚಾಯ್ತಿ ಇದೆಯಲ್ಲ, ಅದಕ್ಕೆ ಹೊತ್ತು ಗೊತ್ತು ಇಲ್ಲ. ಸಸಿ ವಿಷಯದಲ್ಲಿ ಶುರುವಾಗಿ, ಮಗಳ ಫೀಸು ತಡವಾಗಿ ಕಟ್ಟಿದ್ದು, ಅಪ್ಪನ ಕೊನೆಯ ದಿನಗಳಲ್ಲಿ ಒರಟಾಗಿ ಮಾತಾಡಿದ್ದು, ಎಂಟನೇ ಕ್ಲಾಸಲ್ಲಿ ಕದ್ದ ಪೆನ್ನಿನವರೆಗೂ ಹೋಗುತ್ತದೆ. ಎಲ್ಲದಕ್ಕೂ ಒಂದೇ ತೀರ್ಪು, ನೀನು ಯಾಕಾದರೂ ಇದ್ದೀಯ.

ಆ ತೀರ್ಪನ್ನು ಒಂದು ದಿನ ಬಾಯಿ ಬಿಟ್ಟು ಅಂದೆ. ಹೆಂಡತಿ ಮಾರನೇ ದಿನವೇ ತಾಲ್ಲೂಕು ಆಸ್ಪತ್ರೆಗೆ ಹೊರಡಿಸಿದಳು. ಮಂಗಳವಾರ. ‘ಮಂಗಳವಾರ ಹೊಸ ಕೆಲಸಕ್ಕೆ ಯಾರಾದರೂ ಹೋಗ್ತಾರಾ’ ಅಂತ ಅಮ್ಮ ತಡೆದರು, ಪಾಪ, ಮನಸ್ಸಿನ ಕಾಯಿಲೆಗೆ ನೋಡುವ ಸರ್ಕಾರದ ಮನೋಚೈತನ್ಯ ಕ್ಲಿನಿಕ್ ನಡೆಯೋದೇ ಮಂಗಳವಾರ! ಡಾಕ್ಟರು ನಿದ್ದೆ ಕೇಳಿದರು, ಹಸಿವು ಕೇಳಿದರು. ಆಮೇಲೆ ತಲೆ ಎತ್ತದೆ ಬರೆಯುತ್ತಲೇ, ‘ಎಲ್ಲಾ ನನ್ನದೇ ತಪ್ಪು ಅನ್ನಿಸುತ್ತಾ?’ ಅಂದರು. ನನ್ನೊಳಗಿನ ಗುಟ್ಟು ಇವರಿಗೆ ಹೇಗೆ ಗೊತ್ತಾಯ್ತು ಅಂತ ದಂಗಾದೆ. ಗುಟ್ಟೇನಲ್ಲ, ಎಲ್ಲರನ್ನೂ ಕೇಳುವ ಪ್ರಶ್ನೆಯಂತೆ. ಜ್ವರಕ್ಕೆ ಮೈ ಸುಡುವ ಹಾಗೆ ಈ ಕಾಯಿಲೆಗೆ ತನ್ನನ್ನೇ ಅತಿಯಾಗಿ ದೂರಿಕೊಳ್ಳೋದು ಒಂದು ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೇ ಇದೆ, ನಿದ್ದೆಗೆಡುವುದು, ಸುಸ್ತು, ಇವುಗಳ ಜೊತೆಗೆ.

ನನಗೆ ಮಾತ್ರೆಗಿಂತ ಮೊದಲು ಕೆಲಸ ಮಾಡಿದ್ದು ಆ ಪ್ರಶ್ನೆ. ಮಾತ್ರೆಯೂ ಕೆಲಸ ಮಾಡಿತು, ಇಲ್ಲ ಅನ್ನಲ್ಲ. ಆದರೆ ಮೂರು ವಾರ ಹಿಡಿಯಿತು. ಮೊದಲ ವಾರ ಬರೀ ಹೊಟ್ಟೆ ತೊಳಸಿತು. ಅಲ್ಲಿಗೇ ಬಿಟ್ಟುಬಿಡುವವರು ಜಾಸ್ತಿ, ಬಿಡಬೇಡಿ ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದಕ್ಕೆ ಉಳಿದುಕೊಂಡೆ.

ಈಗ ನಾನು ಹೇಳಬೇಕಿದ್ದ ಮಾತು. ಕಾಯಿಲೆ ಅಂತ ಗೊತ್ತಾದ ಮೇಲೆ ಎಲ್ಲಾ ತಪ್ಪನ್ನೂ ಕಾಯಿಲೆ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳೋಣ ಅಂತಲೂ ಅನ್ನಿಸಿತು. ಆಗಲಿಲ್ಲ. ರಾತ್ರಿ ಏಳದೇ ಇದ್ದದ್ದು ಕಾಯಿಲೆ, ಒಪ್ಪಿದೆ. ಆದರೆ ಬೆಳಿಗ್ಗೆ ಹೆಂಡತಿ ‘ಕರೆಂಟ್ ಬಂದಿತ್ತಾ?’ ಅಂತ ಕೇಳಿದಾಗಲೆಲ್ಲ ‘ಇಲ್ಲ, ಬರಲಿಲ್ಲ’ ಅಂದೆನಲ್ಲ, ಆ ಸುಳ್ಳು ನನ್ನದು. ಅದಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡರೆ ಆಯ್ತಾ? ಬಿಂದಿಗೆ ಹೊತ್ತವಳು ಅವಳು. ಲೇಖನ ಬರೆಯುವವರು ಈ ಎರಡನ್ನೂ ಒಂದೇ ಗಂಟು ಮಾಡುತ್ತಾರೆ, ನನ್ನ ತಕರಾರು ಅದೇ. ಕಾಯಿಲೆಯ ಪಾಲು ಯಾವುದು, ನನ್ನ ಪಾಲು ಯಾವುದು ಅಂತ ಹಿಸ್ಸೆ ಮಾಡದೆ ‘ಬಿಡು’ ಅಂದುಕೊಂಡರೆ ಅದು ಬಿಡೋದಿಲ್ಲ, ರಾತ್ರಿ ಮತ್ತೆ ಬಂದು ಕೂರುತ್ತದೆ.

ಒಂದು ಮಧ್ಯಾಹ್ನ ಅವಳು ಜಗಲಿ ಮೇಲೆ ಹುರುಳಿ ಕೇರುತ್ತಿದ್ದಳು. ಹೇಳಿಬಿಟ್ಟೆ. ಮೊರ ನಿಲ್ಲಿಸಲಿಲ್ಲ. ‘ಗೊತ್ತು. ಬಲ್ಬು ನನಗೂ ಕಾಣ್ತಿತ್ತು’ ಅಂದಳು. ಎಬ್ಬಿಸೋಣ ಅಂತ ತಿರುಗಿದರೆ ನಾನು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದೆನಂತೆ, ಅದನ್ನು ನೋಡಿ ಹೆದರಿಕೆಯಾಗುತ್ತಿತ್ತಂತೆ. ‘ನಾನೇ ಹೋಗಿ ಹಾಕಬಹುದಿತ್ತು. ಆ ಕಡೆ ಚಿರತೆ ಓಡಾಡುತ್ತೆ ಅಂತಿದ್ರಲ್ಲ, ಧೈರ್ಯ ಬರಲಿಲ್ಲ. ಸಸಿ ಹೋದಾಗಿಂದ ಅದೇ ಕೊರಗು ನನಗೆ.’ ಸ್ವಲ್ಪ ಹೊತ್ತು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. ಆಮೇಲೆ, ‘ಹೋಗ್ಲಿ ಬಿಡ್ರಿ’ ಅಂದಳು. ನಾನೂ ಅದನ್ನೇ ಅವಳಿಗೆ ಅಂದೆ. ಒಂದೇ ಚಾಪೆ ಮೇಲೆ ಮಲಗಿ ಇಬ್ಬರೂ ಒಂದೇ ಬಲ್ಬು ನೋಡಿದ್ದೇವೆ ಸಾರ್.

ಈಗ ಹೇಗಿದ್ದೀರಿ ಅಂದರೆ, ಪರವಾಗಿಲ್ಲ. ಪೂರ್ತಿ ಹೋಗಿಲ್ಲ. ಹೋದ ವರ್ಷ ದೀಪಾವಳಿ ಹೊತ್ತಿಗೆ ಒಂದು ಸಲ ಮತ್ತೆ ಕುಸಿದೆ, ಮಾತ್ರೆ ಏರಿಸಿದರು. ಪಂಚಾಯ್ತಿ ಈಗಲೂ ಸೇರುತ್ತದೆ. ಆಗ ಒಂದು ಕೆಲಸ ಮಾಡುತ್ತೇನೆ. ಇದೇ ತಪ್ಪನ್ನು ಪಕ್ಕದ ತೋಟದವನು ಮಾಡಿದ್ದರೆ ಅವನಿಗೆ ಏನು ಅನ್ನುತ್ತಿದ್ದೆ ಅಂತ ಜೋರಾಗಿ ಹೇಳಿಕೊಳ್ಳುತ್ತೇನೆ, ನಿಜವಾಗಲೂ ಬಾಯಿ ಬಿಟ್ಟು. ಎಮ್ಮೆ ತಿರುಗಿ ನೋಡುತ್ತದೆ. ಕೆಲವು ದಿನ ಸಾಕಾಗುತ್ತದೆ, ಕೆಲವು ದಿನ ಇಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ದೇಶದಲ್ಲಿ ಹದಿನೆಂಟು ದಾಟಿದ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ ಅಂತ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ಅಂದರೆ ನಮ್ಮೂರಿನ ಬಸ್ಸು ತುಂಬಿದರೆ ಅದರಲ್ಲಿ ಎರಡು ಮೂರು ಜನ. ಅವರು ಬೆಂಗಳೂರಿಗೆ ಹೋಗಬೇಕಿಲ್ಲ. ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ತೋರಿಸಿಕೊಟ್ಟಿದ್ದೇ ನಮ್ಮ ಬಳ್ಳಾರಿ ಜಿಲ್ಲೆ, ದೇಶಕ್ಕೆಲ್ಲ ಮಾದರಿಯಾಗಿದ್ದು ಅದು. ಸೊಪ್ಪು ತಿನ್ನಿ ಅಂತ ಬರೆಯುವ ಜಾಗದಲ್ಲಿ ಮಂಗಳವಾರದ ಕ್ಲಿನಿಕ್ ಬಗ್ಗೆ ಎರಡು ಸಾಲು, 14416 ಅನ್ನೋ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ನಂಬರು ಹಾಕಿ. ರಾತ್ರಿ ಒಂದು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸ್ಟಾರ್ಟರ್ ರಿಪೇರಿ ಆಯಿತು. ಅಂಗಡಿಯವನು ಹತ್ತು ನಿಮಿಷದಲ್ಲಿ ಮಾಡಿಕೊಟ್ಟ.

ಪತ್ರ ಹಾಕಿದರೆ ನನ್ನ ಹೆಸರು, ಊರು ಹಾಕಬೇಡಿ. ನನಗೇನೂ ಇಲ್ಲ, ಮಗಳಿಗೆ ಗಂಡು ನೋಡುತ್ತಿದ್ದೇವೆ.

– ಅಡಿಕೆ ಬೆಳೆಗಾರ, ತುಮಕೂರು ಜಿಲ್ಲೆ