ಮೊದಲು ಮಳೆಗಾಲದಲ್ಲಿ ಪಾಸಾಗಲಿ

ತೀರ್ಥಹಳ್ಳಿ

ಪ್ರೀತಿಯ ಪಲ್ಲವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪ್ಲಾಸ್ಟಿಕ್ ಬದಲಿಗೆಂದು ನೀನು ಪಿಷ್ಟದಿಂದ ಮಾಡಿ ಕಳಿಸಿದ ಫಿಲ್ಮ್ (ತೆಳು ಹಾಳೆ) ತಲುಪಿತು. ತೆಳ್ಳಗೆ, ಚೆನ್ನಾಗಿ ಬಂದಿದೆ. ಶಿಕಾರಿಪುರದ ಕಡೆ ಬೇಕಾದಷ್ಟು ಮೆಕ್ಕೆಜೋಳ ಸಿಗುತ್ತಿದ್ದರೂ ನೀನು ತೋಟದಲ್ಲಿ ಕೊಳೆತು ಹೋಗುವ ಹಲಸಿನ ಬೀಜದ ಪಿಷ್ಟ ಆರಿಸಿಕೊಂಡೆಯಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಆದರೆ ಮುಂದಿನ ವರ್ಷವೇ ಅಂಗಡಿಗಳಿಗೆ ಕ್ಯಾರಿಬ್ಯಾಗ್ ಕೊಡುತ್ತೇನೆ ಎಂದು ಬರೆದಿದ್ದೀಯ. ಅಷ್ಟು ಅವಸರ ಬೇಡ ಮಗಾ.

ಪಿಷ್ಟಕ್ಕೆ ನೀರೆಂದರೆ ಪ್ರಾಣ. ಅದರ ಅಣು ಒಂದು ಉದ್ದ ಸರಪಳಿಯಂತೆ, ಆ ಸರಪಳಿಯ ಉದ್ದಕ್ಕೂ ನೀರನ್ನು ಹಿಡಿಯುವ ಹೈಡ್ರಾಕ್ಸಿಲ್ ಗುಂಪುಗಳಿವೆ. ಬಾಗಲಿ ಎಂದು ಹಾಕುವ ಗ್ಲಿಸರಿನ್ ಕೂಡ ನೀರನ್ನು ಎಳೆಯುತ್ತದೆ. ಲ್ಯಾಬಿನಲ್ಲಿ 23 ಡಿಗ್ರಿ, ಶೇ 50 ತೇವಾಂಶದಲ್ಲಿ ಎಳೆದು ನೋಡಿದಾಗ ಗಟ್ಟಿ ಇದ್ದದ್ದು, ಆಷಾಢದ ಆಗುಂಬೆಯಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಹಪ್ಪಳದ ಹಾಗಾಗುತ್ತದೆ. ಅದನ್ನು ಈಗಲೇ ನೋಡಿಬಿಡು. ಡೆಸಿಕೇಟರ್‌ನಲ್ಲಿ, ಅಂದರೆ ಗಾಳಿಯಾಡದಂತೆ ಮುಚ್ಚುವ ಗಾಜಿನ ಪಾತ್ರೆಯಲ್ಲಿ, ಇನ್ನು ಕರಗದಷ್ಟು ಅಡುಗೆ ಉಪ್ಪು ಬೆರೆಸಿದ ನೀರಿಟ್ಟರೆ ಒಳಗಿನ ತೇವಾಂಶ ಸುಮಾರು ಶೇ 75ಕ್ಕೆ ನಿಲ್ಲುತ್ತದೆ. ಹಾಗೆಯೇ ಪೊಟ್ಯಾಸಿಯಂ ಸಲ್ಫೇಟ್ ಬೆರೆಸಿದ ನೀರಿಟ್ಟರೆ ಸುಮಾರು ಶೇ 97. ಕೆಲವು ವಾರ ಬಿಟ್ಟು ತೂಗು, ಎಳೆ, ಬೂಸ್ಟು ಬಂದಿದೆಯಾ ನೋಡು. ಬೇಸಿಗೆಯದು ಬೇರೆ ತೊಂದರೆ. ದಿನ ಕಳೆದಂತೆ ಪಿಷ್ಟದ ಅಣುಗಳು ಮತ್ತೆ ಒತ್ತಾಗಿ ಜೋಡಿಸಿಕೊಂಡು ಫಿಲ್ಮ್ ಪಟ್ಟನೆ ಮುರಿಯುತ್ತದೆ. ಹಾಗಾಗಿ ಹೊಸದನ್ನು ಮಾತ್ರ ಅಳೆದು ರಿಪೋರ್ಟ್ ಬರೆಯಬೇಡ.

ನೀರು ಹೀರುವುದನ್ನು ತಗ್ಗಿಸಲು ಸಿಟ್ರಿಕ್ ಆಮ್ಲದಿಂದ ಸರಪಳಿಗಳನ್ನು ಬೆಸೆಯಬಹುದು, ಜೇನುಮೇಣ ಸವರಬಹುದು. ಪಾಲಿಥೀನ್ ಮಾತ್ರ ಬೆರೆಸಬೇಡ, ಯಾರು ಎಷ್ಟೇ ಹೇಳಲಿ. ಹಿಂದೆ ಪಾಲಿಥೀನಿಗೆ ಪಿಷ್ಟ ಸೇರಿಸಿದ ಚೀಲಗಳು ಬಂದಿದ್ದವು. ಸೂಕ್ಷ್ಮಜೀವಿಗಳು ಪಿಷ್ಟವನ್ನು ತಿಂದವು, ಪ್ಲಾಸ್ಟಿಕ್ ಪುಡಿಯಾಗಿ ಮಣ್ಣಲ್ಲೇ ಉಳಿಯಿತು. ಅದು ಕಣ್ಣಿಗೆ ಕಾಣದ ಕಸ, ಇನ್ನೂ ಕೆಟ್ಟದ್ದು.

ಕ್ಯಾರಿಬ್ಯಾಗ್ ಬಿಟ್ಟು ಮೊದಲು ಒಂದು ಸಣ್ಣ ಕೆಲಸ ಹಿಡಿ. ನಮ್ಮ ಅಡಿಕೆ ಹಾಳೆ ತಟ್ಟೆಗಳು ಊರಿಂದ ಹೊರಡುವುದು ಪ್ಲಾಸ್ಟಿಕ್ ಸುತ್ತಿಕೊಂಡೇ ಅಲ್ವಾ? ನೋಡಿದಾಗೆಲ್ಲ ನನಗೆ ಸಂಕಟ. ಒಣ ಸರಕು, ಹಗುರ ಕಟ್ಟು. ನಿನ್ನ ಫಿಲ್ಮ್ ಅಷ್ಟು ಹೊರಬಲ್ಲದು. ತಟ್ಟೆಗೂ ತೇವ ಆಗಿಬರುವುದಿಲ್ಲ, ಸ್ವಲ್ಪ ಪಸೆ ಇದ್ದರೂ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಫಿಲ್ಮ್ ಒಂದನ್ನೇ ಅಲ್ಲ, ತಟ್ಟೆ ಸುತ್ತಿಯೇ ಪರೀಕ್ಷೆ ಮಾಡು.

ಇನ್ನು ಕವರಿನ ಮೇಲೆ ‘ಮಣ್ಣಲ್ಲಿ ಕರಗುತ್ತದೆ’ ಎಂದು ಸುಮ್ನೆ ಅಚ್ಚು ಹಾಕಿಸಬೇಡ. ಕಾಂಪೋಸ್ಟಬಲ್ (ಕೊಳೆತು ಗೊಬ್ಬರವಾಗುವಂಥದ್ದು) ಎನ್ನಲು ಐಎಸ್/ಐಎಸ್‌ಒ 17088 ಎಂಬ ಮಾನದಂಡದ ಪರೀಕ್ಷೆ ಆಗಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವೂ ಬೇಕು. ಆ ಪರೀಕ್ಷೆ ಸುಮಾರು 58 ಡಿಗ್ರಿ ಬಿಸಿಯ ಕಾಂಪೋಸ್ಟಿನಲ್ಲಿ ನಡೆಯುತ್ತದೆ. ನಮ್ಮ ಗೊಬ್ಬರಗುಂಡಿ ಅಷ್ಟು ಬಿಸಿ ಇರುವುದು ಅಪರೂಪ. ಅಲ್ಲೂ ಬೇರೆಯಾಗಿ ಹೂತು ನೋಡು.

ಜುಲೈಯಲ್ಲಿ ಬಾ. ತಟ್ಟೆ ಮಾಡುವ ಪಕ್ಕದ ಮನೆಯವರು ಕೆಲವು ಕಟ್ಟು ಕೊಡಲು ಒಪ್ಪಿದ್ದಾರೆ. ಅಟ್ಟದ ಮೇಲೆ ಅರ್ಧ, ಹೊರ ಜಗಲಿಯಲ್ಲಿ ಅರ್ಧ ಇಡೋಣ. ಬರುವಾಗ ಸಣ್ಣ ತೂಕದ ಯಂತ್ರ, ತೇವಾಂಶ ಅಳೆಯುವ ಮೀಟರ್ ಎರಡನ್ನೂ ತಾ.

ಇತಿ,
ನಿನ್ನ ದೊಡ್ಡಪ್ಪ